ಡಿಸೆಂಬರ್ ರಜೆಗೆ ನೀಲಿ ಡಬ್ಬಿಯ ಬೆಣ್ಣೆ ಬಿಸ್ಕತ್ತು: ಯಾವುದು ತರೋದು?

ಮಲ್ಲಿಗೆಮೊಗ್ಗು · ಡಿ. 13, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಎರಡು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಬೆಂಗಳೂರು. ನಾನು, ನಮ್ಮವರು, ಇಬ್ಬರು ಮಕ್ಕಳು, ಅತ್ತೆ. ಕ್ರಿಸ್‌ಮಸ್ ನಮ್ಮ ಮನೆ ಹಬ್ಬ ಅಲ್ಲ. ಆದರೆ ಮಕ್ಕಳಿಗೆ ಸ್ಕೂಲ್ ರಜೆ, ಹೊರಗೆ ಚಳಿ, ಸಂಜೆ ಆರಕ್ಕೇ ಕತ್ತಲು. ಆ ಕೊನೆಯ ವಾರಕ್ಕೆ ಅಂತ ಏನಾದರೂ ವಿಶೇಷ ತಿಂಡಿ ತಂದಿಡೋದು ರೂಢಿ. ಪ್ರತಿ ವರ್ಷ ಪ್ಲಮ್ ಕೇಕ್ ತರುತ್ತಿದ್ದೆವು, ಚಿಕ್ಕವಳಿಗೆ ಒಣದ್ರಾಕ್ಷಿ ಕಂಡರೆ ಆಗಲ್ಲ, ಅದಕ್ಕೆ ಈ ಸಲ ಸೂಪರ್‌ಮಾರ್ಕೆಟ್‌ನಲ್ಲಿ ಆ ದುಂಡನೆಯ ನೀಲಿ ತಗಡಿನ ಡಬ್ಬಿ ಕಂಡಾಗ ಖುಷಿಯಿಂದ ತಂದೆ. ಡೇನಿಷ್ ಶೈಲಿಯ, ಅಂದರೆ ಡೆನ್ಮಾರ್ಕ್ ಕಡೆಯ ಬಟರ್ ಕುಕೀಸ್. ನಾನು ಚಿಕ್ಕವಳಿದ್ದಾಗ ಎದುರು ಮನೆಯವರ ಮಗ ಕುವೈತ್‌ನಿಂದ ಬಂದಾಗ ಒಂದು ಡಬ್ಬಿ ತಂದಿದ್ದರು, ನಮ್ಮ ಮನೆಗೆ ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಕೊಟ್ಟು ಕಳಿಸಿದ್ದರು. ಆ ರುಚಿ ಇನ್ನೂ ಮರೆತಿಲ್ಲ.

ಮೊನ್ನೆ ಸಂಜೆ ಕಾಫಿ ಮಾಡಿ ಎಲ್ಲರನ್ನೂ ಕೂರಿಸಿ ಡಬ್ಬಿ ತೆಗೆದೆ. ಮಕ್ಕಳು ಒಂದೊಂದು ತಿಂದು ಎದ್ದು ಹೋದರು. ಅತ್ತೆ ಅರ್ಧ ತಿಂದು "ಬಾಯಲ್ಲಿ ಮೇಣ ಕೂತ ಹಾಗಿದೆ ಕಣಮ್ಮಾ" ಅಂದರು. ನಾನೂ ತಿಂದೆ. ಅವರು ಹೇಳಿದ್ದು ನಿಜ. ಅಂಗುಳಿಗೆ ಏನೋ ಅಂಟಿಕೊಂಡ ಹಾಗೆ, ಸಿಹಿ ಜಾಸ್ತಿ, ವಾಸನೆ ಬಟರ್ ಪಾಪ್‌ಕಾರ್ನ್ ತರಹ. ತುಂಬಾ ಬೇಜಾರಾಯಿತು. ಬಾಲ್ಯದ ಆ ರುಚಿ ನನ್ನ ಕಲ್ಪನೆಯೋ ಅಥವಾ ನಾನು ತಂದದ್ದೇ ಬೇರೆಯೋ? ರಜೆಗೆ ಅಂತ ಅಂಗಡಿಯಿಂದ ತರಬಹುದಾದ ಒಳ್ಳೆ ಬೆಣ್ಣೆ ಬಿಸ್ಕತ್ತು ಇದೆಯಾ? ತಿಂದವರು ದಯವಿಟ್ಟು ಹೇಳಿ.

ಅಡುಗೆಮನೆ ಪ್ರಯೋಗ · ಡಿ. 13, ರಾತ್ರಿ 9:51

ಮೊದಲು ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಅಲ್ಲಿರುವುದನ್ನು ಹಾಗೇ ಇಲ್ಲಿ ಬರೆಯಿರಿ.

ಮಲ್ಲಿಗೆಮೊಗ್ಗು · ಡಿ. 13, ರಾತ್ರಿ 10:04

ಮೈದಾ, ಸಕ್ಕರೆ, ತಾಳೆ ಎಣ್ಣೆ, ಆಮೇಲೆ ಕೊಬ್ಬರಿ ಪುಡಿ, ಬೆಣ್ಣೆ 2%, ಉಪ್ಪು, ಹಾಲಿನ ಪುಡಿ, ಬೆಣ್ಣೆಯ ಕೃತಕ ಪರಿಮಳ. ಅಯ್ಯೋ. ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಬಟರ್ ಅಂತಿದೆ.

ಅಡುಗೆಮನೆ ಪ್ರಯೋಗ · ಡಿ. 13, ರಾತ್ರಿ 10:32

ಅಲ್ಲೇ ಉತ್ತರ ಸಿಕ್ಕಿತು ಮೇಡಂ. ನಿಮ್ಮ ನೆನಪು ಸುಳ್ಳಲ್ಲ. ನಾನು ಬಿಸ್ಕತ್ತು ತಯಾರಿಕೆಯಲ್ಲಿ ಆರು ವರ್ಷ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ದೇಶದ ನಿಯಮದ ಪ್ರಕಾರ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಯಾವುದು ಜಾಸ್ತಿಯೋ ಅದು ಮೊದಲು. ಯಾವ ಪದಾರ್ಥದ ಹೆಸರನ್ನು ಮುಂದೆ ಮಾಡಿ ತೋರಿಸುತ್ತಾರೋ ಅದರ ಶೇಕಡಾವಾರು ಪ್ರಮಾಣವನ್ನೂ ಹಾಕಬೇಕು. ಅದಕ್ಕೇ ನಿಮಗೆ ಆ 2% ಕಾಣಿಸಿತು. ನಿಜವಾದ ಬೆಣ್ಣೆ ಬಿಸ್ಕತ್ತಲ್ಲಿ ಬೆಣ್ಣೆ ಮೊದಲ ಮೂರರೊಳಗೆ ಇರುತ್ತದೆ, ಪ್ರಮಾಣ ಶೇ. 20 ದಾಟಿರುತ್ತದೆ, ಬೇರೆ ಯಾವ ಎಣ್ಣೆಯೂ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನು ಅತ್ತೆಯವರು ಹೇಳಿದ ಮೇಣ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಬಾಯಿಯ ಶಾಖ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ನಾಲಿಗೆ ಮೇಲೆ ಬೆಣ್ಣೆ ಪೂರ್ತಿ ಕರಗಿ ಇಳಿದುಹೋಗುತ್ತದೆ. ಬಿಸ್ಕತ್ತಿಗೆ ಹಾಕುವ ಗಟ್ಟಿ ತಾಳೆ ಕೊಬ್ಬು, ವನಸ್ಪತಿ, ಇವುಗಳಲ್ಲಿ ಒಂದು ಭಾಗ ಬಾಯಿಯ ಶಾಖಕ್ಕೆ ಕರಗುವುದೇ ಇಲ್ಲ. ಅದು ಅಂಗುಳಿಗೆ ಲೇಪದ ಹಾಗೆ ಕೂರುತ್ತದೆ. ಅತ್ತೆಯವರ ನಾಲಿಗೆ ನಮ್ಮ ಪ್ರಯೋಗಾಲಯಕ್ಕಿಂತ ಬೇಗ ಹೇಳಿಬಿಟ್ಟಿದೆ!

ಕುಡ್ಲದವಳು · ಡಿ. 14, ಬೆಳಿಗ್ಗೆ 7:15

ಇದನ್ನು ಓದಿ ನಮ್ಮ ಮನೆ ನೆನಪಾಯಿತು. ನಾವು ಮಂಗಳೂರಿನ ಕ್ರೈಸ್ತರು. ನಮ್ಮಲ್ಲಿ ಕ್ರಿಸ್‌ಮಸ್ ಅಂದರೆ ಕುಸ್ವಾರ್. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ, ಹೀಗೆ ಹತ್ತು ಬಗೆ ತಿಂಡಿ ಮಾಡಿ ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಹಂಚುತ್ತೇವೆ. ಯಾವ ಧರ್ಮದವರ ಮನೆ ಅಂತ ನೋಡುವುದಿಲ್ಲ. ಅಮ್ಮ ಇದ್ದಾಗ ಎರಡು ವಾರ ಮೊದಲೇ ಶುರು. ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಫೋರ್ಕಿನ ಹಿಂಭಾಗದಲ್ಲಿ ಕಿಡಿಯೊ ಒತ್ತುತ್ತಿದ್ದೆವು.

ಈಗ ನನಗೆ ಕೆಲಸ, ಗಂಡನಿಗೆ ಶಿಫ್ಟು. ಮೂರು ವರ್ಷದಿಂದ ಕುಸ್ವಾರ್ ಅಂಗಡಿಯಿಂದಲೇ ತರುವುದು. ಮೊದಲ ವರ್ಷ ಅತ್ತುಬಿಟ್ಟಿದ್ದೆ. ನನ್ನ ತಟ್ಟೆಯಲ್ಲಿ ನಾನು ಮಾಡಿದ್ದು ಒಂದೂ ಇಲ್ಲವಲ್ಲ ಅಂತ. ಆಮೇಲೆ ಪಕ್ಕದ ಮನೆಯ ಅಜ್ಜಿ ಒಂದು ಮಾತು ಹೇಳಿದರು: ತಟ್ಟೆ ಬಂತಲ್ಲ ಮಗಾ, ಅದು ಸಾಕು ನನಗೆ.

ಹಾಗಾಗಿ ಅಂಗಡಿಯದ್ದು ತರುವುದರಲ್ಲಿ ಯಾವ ತಪ್ಪೂ ಇಲ್ಲ ಅಕ್ಕಾ. ತರುವುದು ಒಳ್ಳೆಯದಾಗಿರಲಿ ಅಷ್ಟೆ. ನಾನೂ ಕುಸ್ವಾರ್ ತಟ್ಟೆಯಲ್ಲಿ ನಡುವೆ ಬೆಣ್ಣೆ ಬಿಸ್ಕತ್ತು ಇಡುತ್ತೇನೆ. ಮಕ್ಕಳ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಸ್ಟ್ರಾಂಗ್ ಕಾಫಿ · ಡಿ. 14, ಬೆಳಿಗ್ಗೆ 8:40

ನನಗೆ ಒಂದು ವಿಷಯ ಅರ್ಥ ಆಗುತ್ತಿಲ್ಲ. ಡೆನ್ಮಾರ್ಕ್‌ನ ಬಿಸ್ಕತ್ತು ಯಾಕೆ? ಬೀದಿಗೊಂದು ಅಯ್ಯಂಗಾರ್ ಬೇಕರಿ ಇದೆ, ಅಲ್ಲಿ ಗಾಜಿನ ಭರಣಿಯಲ್ಲಿ ಬೆಣ್ಣೆ ಬಿಸ್ಕತ್ತು ಇದೆ, ಆ ದಿನವೇ ಬೇಯಿಸಿದ್ದು. ಕಾಲು ಕೆಜಿ ತಂದರೆ ಮನೆಮಂದಿಗೆಲ್ಲ ಆಗುತ್ತದೆ. ಹಡಗಿನಲ್ಲಿ ಬಂದ ಡಬ್ಬಿಗೆ ಅಷ್ಟು ದುಡ್ಡು ಕೊಡುವ ಬದಲು ನಮ್ಮವರಿಗೆ ಕೊಡಬಾರದಾ?

ಬೇಕರಿ ಮಗ · ಡಿ. 14, ಮಧ್ಯಾಹ್ನ 2:10

ಸರ್, ನಿಮ್ಮ ಮಾತು ಕೇಳಿ ಖುಷಿಯಾಯಿತು. ನಮ್ಮದು ಹಾಸನ ಕಡೆ, ತಾತನ ಕಾಲದಿಂದ ಬೇಕರಿ. ಆದರೆ ನಾನು ಇಲ್ಲಿ ಸತ್ಯ ಹೇಳಬೇಕು.

ಬಹಳಷ್ಟು ಬೇಕರಿಗಳಲ್ಲಿ ಬೆಣ್ಣೆ ಬಿಸ್ಕತ್ತು ಅಂತ ಹೆಸರಿದ್ದರೂ ಹಾಕುವುದು ವನಸ್ಪತಿ ಅಥವಾ ಮಾರ್ಗರೀನ್. ನಮ್ಮಲ್ಲೂ ದಿನದ ಮಾಲಿಗೆ ಅದೇ. ಮುಚ್ಚಿಡಲ್ಲ, ಕೇಳಿದವರಿಗೆ ಹೇಳುತ್ತೇವೆ. ಬೆಣ್ಣೆಯ ಬೆಲೆ ವನಸ್ಪತಿಗಿಂತ ತುಂಬಾ ಜಾಸ್ತಿ. ಪೂರ್ತಿ ಬೆಣ್ಣೆ ಹಾಕಿ ಮಾಡಿದರೆ ಆ ಬೆಲೆಗೆ ಯಾರೂ ದಿನಾ ಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಹಿಟ್ಟು ಕೈಯಲ್ಲೇ ಕರಗುತ್ತದೆ, ಟ್ರೇಯಲ್ಲಿ ಹರಡಿಕೊಳ್ಳುತ್ತದೆ. ವನಸ್ಪತಿ ಹಿಟ್ಟು ಹೇಳಿದ ಹಾಗೆ ಕೇಳುತ್ತದೆ.

ತಾತ ಮಾಡುತ್ತಿದ್ದ ರೀತಿ ಬೇರೆ. ಮುಂಜಾನೆ ಸೌದೆ ಒಲೆಯಲ್ಲಿ ಬ್ರೆಡ್ಡು ಮುಗಿದ ಮೇಲೆ ಒಲೆಯ ಕಾವು ಇಳಿಯುತ್ತಾ ಬರುತ್ತದಲ್ಲ, ಆ ಇಳಿಗಾವಿಗೆ ಬಿಸ್ಕತ್ತು. ಬೆಣ್ಣೆ, ಪುಡಿ ಮಾಡಿದ ಸಕ್ಕರೆ ಎರಡನ್ನೂ ಅಗಲದ ಪಾತ್ರೆಯಲ್ಲಿ ಹಾಕಿ ಅಂಗೈಯಿಂದ ಉಜ್ಜುತ್ತಾ ಹೋಗುತ್ತಿದ್ದರು. ಹಳದಿ ಬಣ್ಣ ಹೋಗಿ ಬೆಳ್ಳಗೆ ನೊರೆ ನೊರೆ ಆಗಬೇಕು. ಅರ್ಧ ಗಂಟೆ ಬೇಕು. ಆಮೇಲೆ ಮೈದಾ ಹಾಕಿ ಬರೀ ಕೂಡಿಸುವುದು, ನಾದುವ ಹಾಗಿಲ್ಲ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ತು ಕಲ್ಲಾಗುತ್ತದೆ.

ಈಗಲೂ ಡಿಸೆಂಬರ್‌ನಲ್ಲಿ ಮಾತ್ರ ಪೂರ್ತಿ ಬೆಣ್ಣೆಯದ್ದು ಆರ್ಡರ್ ಮೇಲೆ ಮಾಡುತ್ತೇವೆ. ಚಳಿಗೆ ಹಿಟ್ಟು ಗಟ್ಟಿ ನಿಲ್ಲುತ್ತದೆ. ನಿಮ್ಮ ಹತ್ತಿರದ ಬೇಕರಿಯವರನ್ನೂ ಕೇಳಿ ನೋಡಿ, "ಬೆಣ್ಣೆ ನಾವೇ ತಂದುಕೊಡುತ್ತೇವೆ, ಎರಡು ಕೆಜಿ ಮಾಡಿಕೊಡಿ" ಅಂದರೆ ತುಂಬಾ ಜನ ಒಪ್ಪುತ್ತಾರೆ.

ಹುಬ್ಬಳ್ಳಿ ಹುಡುಗ · ಡಿ. 14, ಮಧ್ಯಾಹ್ನ 3:25

ಬೇಕರಿಯಣ್ಣ ಹೇಳಿದ್ದು ನಮ್ಮ ಕಡೆ ಮೊದಲಿಂದ ಇದ್ದ ಪದ್ಧತಿ! ದೀಪಾವಳಿ ಬಂತೆಂದರೆ ಅವ್ವ ಮೈದಾ, ಸಕ್ಕರೆ, ತುಪ್ಪ ಅಳತೆ ಮಾಡಿ ಚೀಲದಲ್ಲಿ ಹಾಕಿ ಕೊಡುತ್ತಿದ್ದಳು. ನಾನು, ಅಕ್ಕ ಸೈಕಲ್ ಮೇಲೆ ಬೇಕರಿಗೆ ಒಯ್ದು ಕೊಡುವುದು. ಅವರು ನಾನ್‌ಖಟಾಯಿ ಮಾಡಿ, ಕೂಲಿ ಅಷ್ಟೇ ತಗೊಂಡು, ನಮ್ಮದೇ ಡಬ್ಬಿಗೆ ತುಂಬಿ ಕೊಡುತ್ತಿದ್ದರು. ಬಿಸಿ ಬಿಸಿ ಡಬ್ಬಿ ಎದೆಗೆ ಹಿಡಿದುಕೊಂಡು ಹಿಂದೆ ಕೂತು ಬರುತ್ತಿದ್ದೆ. ತುಪ್ಪ ನಮ್ಮ ಮನೆಯದೇ, ಅದಕ್ಕೆ ಒಳಗೆ ಏನಿದೆ ಅನ್ನುವ ಚಿಂತೆಯೇ ಇರಲಿಲ್ಲ.

ಸ್ಟ್ರಾಂಗ್ ಕಾಫಿ · ಡಿ. 14, ಸಂಜೆ 5:02

ಬೇಕರಿ ಮಗ, ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ನಾನು ಇಷ್ಟು ವರ್ಷ ಭರಣಿಯಲ್ಲಿರುವುದು ಬೆಣ್ಣೆಯದೇ ಅಂದುಕೊಂಡಿದ್ದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ, ಡೆನ್ಮಾರ್ಕ್‌ಗೂ ಬೆಣ್ಣೆ ಬಿಸ್ಕತ್ತಿಗೂ ಏನು ಸಂಬಂಧ? ಅಲ್ಲಿಯದೇ ಯಾಕೆ ಎಲ್ಲ ಕಡೆ?

ಬಡಗಣ ಗಾಳಿ · ಡಿ. 14, ರಾತ್ರಿ 11:48

ಇದಕ್ಕೆ ನಾನು ಉತ್ತರ ಹೇಳಬಲ್ಲೆ. ಡೆನ್ಮಾರ್ಕ್‌ನ ಓರ್ಹುಸ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಸ್ವಂತ ಊರು ಶಿವಮೊಗ್ಗದ ಸಾಗರದ ಹತ್ತಿರ.

1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಯುರೋಪಿಗೆ ಬಂದು ಇಳಿಯತೊಡಗಿತು. ಇಲ್ಲಿನ ರೈತರ ಕಾಳಿಗೆ ಬೆಲೆ ಬಿದ್ದುಹೋಯಿತು. ಆಗ ಅವರು ಕಾಳು ಮಾರುವುದನ್ನು ಬಿಟ್ಟು ಹಸು ಸಾಕುವುದಕ್ಕೆ ತಿರುಗಿದರು. ಹಾಲಿನಿಂದ ಕೆನೆ ಬೇರೆ ಮಾಡುವ ಯಂತ್ರವೂ ಅದೇ ಹೊತ್ತಿಗೆ ಬಂತು. 1882ರಲ್ಲಿ ಹೆಡಿಂಗ್ ಅನ್ನುವ ಹಳ್ಳಿಯಲ್ಲಿ ಊರವರೇ ಸೇರಿ ಮೊದಲ ಸಹಕಾರಿ ಡೇರಿ ಕಟ್ಟಿದರು. ನಮ್ಮ ಹಾಲಿನ ಸೊಸೈಟಿ ಇದೆಯಲ್ಲ, ಆ ತರಹ. ಒಂದು ಹಸು ಇರುವವನಿಗೂ ನೂರು ಹಸು ಇರುವವನಿಗೂ ಒಂದೇ ಓಟು. ಕೆಲವೇ ವರ್ಷಗಳಲ್ಲಿ ದೇಶದ ತುಂಬಾ ಇಂಥ ಡೇರಿಗಳು ಎದ್ದವು. ಬೆಣ್ಣೆ ಇಂಗ್ಲೆಂಡಿಗೆ ಹೋಗುತ್ತಿತ್ತು. ಲೂರ್‌ಪಾಕ್ ಬೆಣ್ಣೆ ಗೊತ್ತಲ್ಲ, ಆ ಗುರುತು ನೋಂದಣಿ ಆದದ್ದು 1901ರಲ್ಲಿ. ಅಷ್ಟು ಬೆಣ್ಣೆ ಇರುವ ದೇಶ ಬಿಸ್ಕತ್ತಿಗೂ ಬೆಣ್ಣೆಯನ್ನೇ ಹಾಕಿತು.

ಡಬ್ಬಿಯ ಕತೆ ಅದಾದ ಮೇಲಿನದು. 1933ರಲ್ಲಿ ನೋರ್ ಸ್ನೇಡ್ ಎಂಬ ಸಣ್ಣ ಊರಲ್ಲಿ ಗಂಡ ಹೆಂಡತಿ ಸೇರಿ ತೆರೆದ ಬೇಕರಿಯೇ ಕೆಲ್ಡ್‌ಸೆನ್ಸ್. ನೀಲಿ ಡಬ್ಬಿಯ ಇನ್ನೊಂದು ಹೆಸರಾದ ರಾಯಲ್ ಡ್ಯಾನ್ಸ್ಕ್ ಶುರುವಾದದ್ದು 1966ರಲ್ಲಿ. ಅದರ ಮುಚ್ಚಳದ ಮೇಲೆ ಹುಲ್ಲಿನ ಮಾಡಿನ ಮನೆ ಚಿತ್ರ ಇದೆಯಲ್ಲ, ಅದು ಫ್ಯೂನ್ ದ್ವೀಪದಲ್ಲಿ ನಿಜವಾಗಿ ಇರುವ ಹಳೇ ರೈತನ ಮನೆ. ಎರಡೂ ಈಗ ಒಂದೇ ಗುಂಪಿನ ಕೈಯಲ್ಲಿವೆ, ಆ ಗುಂಪನ್ನು 2019ರಲ್ಲಿ ಇಟಲಿಯ ಫೆರೆರೋಗೆ ಸೇರಿದ ಕಂಪನಿ ಕೊಂಡುಕೊಂಡಿತು. ಮಾಲು ಹೆಚ್ಚಾಗಿ ಹೊರದೇಶಕ್ಕೇ ಹೋಗುತ್ತದೆ. ಚೀನಾ, ಹಾಂಗ್‌ಕಾಂಗ್ ಕಡೆ ಹೊಸ ವರ್ಷದ ಉಡುಗೊರೆ ಅಂದರೆ ಇದೇ ಡಬ್ಬಿ.

ನಮ್ಮ ಪಕ್ಕದ ಮನೆಯವರು ಈ ಡಬ್ಬಿ ತರುವುದನ್ನು ನಾನು ನೋಡಿಲ್ಲ. ಡಿಸೆಂಬರ್ ಬಂದರೆ ಅವರು ಮನೆಯಲ್ಲೇ ಬೇಯಿಸುತ್ತಾರೆ. ವೆನಿಲಾ ಉಂಗುರ, ಮಸಾಲೆ ಹಾಕಿದ ಕಂದು ಬಿಸ್ಕತ್ತು, ಗೋಲಿಯಷ್ಟು ಗಾತ್ರದ ಪೆಬರ್‌ನೋಡರ್. ಕೆಂಪು ಬಿಳಿ ಕಾಗದ ಹೆಣೆದು ಹೃದಯದ ಆಕಾರದ ಪುಟ್ಟ ಬುಟ್ಟಿ ಮಾಡಿ, ಅದರೊಳಗೆ ಈ ಗೋಲಿಗಳನ್ನು ತುಂಬಿ ಕ್ರಿಸ್‌ಮಸ್ ಮರಕ್ಕೆ ನೇತುಹಾಕುತ್ತಾರೆ. ನನ್ನ ಮಗ ಹೆಣೆಯುವುದನ್ನು ಸ್ಕೂಲಲ್ಲೇ ಕಲಿತ. ಡಬ್ಬಿಯಲ್ಲಿ ಬರುವ ಆ ಗೆರೆಗೆರೆ ಉಂಗುರ ಇದೆಯಲ್ಲ, ಅದು ಈ ಮನೆಯ ಉಂಗುರದಿಂದಲೇ ಬಂದದ್ದು. ಮನೆಯದರಲ್ಲಿ ಬಾದಾಮಿ ಪುಡಿಯೂ ಇರುತ್ತದೆ.

ಮಲ್ಲಿಗೆಮೊಗ್ಗು ಅವರಿಗೆ: ನೀಲಿ ಬಣ್ಣ, ದುಂಡು ಡಬ್ಬಿ, ಗಾಳಿಯಂತ್ರದ ಚಿತ್ರ, ಇವು ಯಾವುದನ್ನೂ ನಂಬಬೇಡಿ. "ಡೇನಿಷ್ ಶೈಲಿ" ಅಂದರೆ ಎಲ್ಲಿ ಬೇಕಾದರೂ ಮಾಡಿರಬಹುದು. ತಯಾರಾದ ದೇಶ ಯಾವುದು ಅಂತ ನೋಡಿ, ಆಮೇಲೆ ಬೆಣ್ಣೆಯ ಪ್ರಮಾಣ ನೋಡಿ. ಎರಡನೆಯದೇ ಮುಖ್ಯ. ಬೆಂಗಳೂರಿನಲ್ಲಿ ಮಾಡಿದ್ದಾದರೂ ಬೆಣ್ಣೆ ಸರಿಯಾಗಿ ಹಾಕಿದ್ದರೆ ಚೆನ್ನಾಗಿಯೇ ಇರುತ್ತದೆ.

ಎಡಿನ್‌ಬರೋ ಕನ್ನಡತಿ · ಡಿ. 15, ಬೆಳಗಿನ ಜಾವ 2:30

ಡಬ್ಬಿಯೇ ಬೇಕು ಅಂತಿಲ್ಲದಿದ್ದರೆ ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ ಕೂಡ ನೋಡಿ. ಭಾರತದಲ್ಲೂ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಕೆಂಪು ಚೌಕುಳಿ ಬಟ್ಟೆಯ ವಿನ್ಯಾಸದ ಪೊಟ್ಟಣ. ಅಬರ್ಲೂರ್ ಎಂಬ ಊರಿನ ವಾಕರ್ಸ್ ಅನ್ನುವವರು ಮಾಡುತ್ತಾರೆ, ಅವರ ಬೇಕರಿ ಶುರುವಾದದ್ದು 1898ರಲ್ಲಿ. ಪಟ್ಟಿಯಲ್ಲಿ ನಾಲ್ಕೇ ಪದಾರ್ಥ: ಮೈದಾ, ಬೆಣ್ಣೆ, ಸಕ್ಕರೆ, ಉಪ್ಪು. ಮನೆಯಲ್ಲಿ ಮಾಡುವವರ ಅಳತೆ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ.

ಇಲ್ಲಿ ಕ್ರಿಸ್‌ಮಸ್‌ಗಿಂತ ಹೊಸ ವರ್ಷದ ಹಿಂದಿನ ರಾತ್ರಿಯ ಹಬ್ಬವೇ ದೊಡ್ಡದು, ಹಾಗ್ಮನೇ ಅಂತಾರೆ. ಮಧ್ಯರಾತ್ರಿ ಆದ ಮೇಲೆ ಮನೆಯ ಹೊಸ್ತಿಲು ಮೊದಲು ದಾಟುವವರು ಬರಿಗೈಯಲ್ಲಿ ಬರುವ ಹಾಗಿಲ್ಲ. ಕಲ್ಲಿದ್ದಲಿನ ಚೂರು, ಶಾರ್ಟ್‌ಬ್ರೆಡ್, ವಿಸ್ಕಿ, ಹೀಗೆ ಏನಾದರೂ ತರಬೇಕು. ನಾವು ಈ ಊರಿಗೆ ಬಂದ ಮೊದಲ ವರ್ಷ ಕೆಳಗಿನ ಮನೆಯ ಹಿರಿಯರೊಬ್ಬರು ಹಾಗೆ ಬಾಗಿಲು ತಟ್ಟಿದರು. ನನಗೆ ಪದ್ಧತಿ ಗೊತ್ತಿರಲಿಲ್ಲ. ಇಷ್ಟು ಹೊತ್ತಿಗೆ ಬಿಸ್ಕತ್ತು ಕೊಡಲು ಯಾಕೆ ಬಂದರು ಅಂತ ಗಾಬರಿಯಾಗಿ, ಆಮೇಲೆ ಗೊತ್ತಾಗಿ ಕಣ್ಣು ತುಂಬಿ ಬಂತು. ನಮ್ಮ ಮನೆಯಲ್ಲಿ ಆಗ ಇದ್ದದ್ದು ಕೋಡುಬಳೆ. ಅದನ್ನೇ ಕಟ್ಟಿ ಕೊಟ್ಟೆ.

ಮಲ್ಲಿಗೆಮೊಗ್ಗು · ಡಿ. 15, ಬೆಳಿಗ್ಗೆ 6:50

ನಿಮ್ಮನ್ನೆಲ್ಲ ಓದುತ್ತಾ ಕೂತು ಮಕ್ಕಳಿಗೆ ತಿಂಡಿ ಮಾಡುವುದು ತಡವಾಯಿತು. ಒಂದು ಪ್ರಶ್ನೆ. ಶಾರ್ಟ್‌ಬ್ರೆಡ್ ಅಂದರೆ "ಶಾರ್ಟ್" ಯಾಕೆ? ಇನ್ನೊಂದು, ಅತ್ತೆ ಮೊಟ್ಟೆ ತಿನ್ನಲ್ಲ. ಇವುಗಳಲ್ಲಿ ಮೊಟ್ಟೆ ಇರುತ್ತದಾ?

ಅಡುಗೆಮನೆ ಪ್ರಯೋಗ · ಡಿ. 15, ಬೆಳಿಗ್ಗೆ 9:12

ಶಾರ್ಟ್ ಅಂದರೆ ಇಲ್ಲಿ ಗಿಡ್ಡ ಅಲ್ಲ, ಹುಡಿಹುಡಿಯಾಗಿ ಮುರಿಯುವಂಥದ್ದು. ನಾವು ಚಕ್ಕುಲಿ ಹಿಟ್ಟಿಗೆ, ಕೋಡುಬಳೆ ಹಿಟ್ಟಿಗೆ ಬೆಣ್ಣೆಯನ್ನೋ ಕಾಯಿಸಿದ ಎಣ್ಣೆಯನ್ನೋ ಹಾಕಿ ಮೊದಲು ಒಣ ಹಿಟ್ಟಿನಲ್ಲೇ ಉಜ್ಜುತ್ತೇವೆ ಅಲ್ವಾ? ಇದೂ ಅದೇ. ಮೈದಾಕ್ಕೆ ನೀರು ಸೇರಿ ನಾದಿದರೆ ಜಿಗುಟು ಎಳೆಗಳು ಕಟ್ಟಿಕೊಳ್ಳುತ್ತವೆ. ಚಪಾತಿಗೆ ಅದು ಬೇಕು, ಬಿಸ್ಕತ್ತಿಗೆ ಬೇಡ. ಮೊದಲೇ ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಆ ಎಳೆಗಳು ಉದ್ದ ಬೆಳೆಯುವುದಿಲ್ಲ.

ಮೊಟ್ಟೆ: ಶಾರ್ಟ್‌ಬ್ರೆಡ್‌ನಲ್ಲಿ ಸಾಮಾನ್ಯವಾಗಿ ಇರಲ್ಲ. ಡೇನಿಷ್ ಡಬ್ಬಿಗಳಲ್ಲೂ ಹಲವಕ್ಕೆ ಇರಲ್ಲ. ಆದರೆ ಊಹೆ ಬೇಡ. ಹೊರದೇಶದ ಮಾಲಿಗೆ ಆಮದು ಮಾಡಿದವರು ಒಂದು ಚೀಟಿ ಅಂಟಿಸಿರುತ್ತಾರೆ, ಹಸಿರು ಇಲ್ಲವೇ ಕಂದು ಗುರುತು ಅದರಲ್ಲಿ ಇದ್ದೇ ಇರಬೇಕು. ನಮ್ಮ ದೇಶದಲ್ಲಿ ಮೊಟ್ಟೆ ಇದ್ದರೆ ಹಸಿರು ಹಾಕುವ ಹಾಗಿಲ್ಲ, ಕಂದು ಗುರುತೇ ಬರಬೇಕು. ಆ ಚೀಟಿಯಲ್ಲಿ ಪರವಾನಗಿ ಸಂಖ್ಯೆ, ಆಮದುದಾರರ ವಿಳಾಸ ಇಲ್ಲದ ಡಬ್ಬಿ ಕೊಳ್ಳಲೇಬೇಡಿ.

ಪಟ್ಟಿಯಲ್ಲಿ ಅಮೋನಿಯಂ ಬೈಕಾರ್ಬನೇಟ್ ಅಂತ ಕಂಡರೆ ಹೆದರಬೇಡಿ. ಅದು ಬಿಸ್ಕತ್ತು ಉಬ್ಬಲು ಹಾಕುವ ಉಪ್ಪು. ತೆಳು ಬಿಸ್ಕತ್ತಿನಲ್ಲಿ ಬೇಯುವಾಗಲೇ ಪೂರ್ತಿ ಹಾರಿಹೋಗುತ್ತದೆ.

ಬೇಕರಿ ಮಗ · ಡಿ. 15, ಬೆಳಿಗ್ಗೆ 10:05

ನಮ್ಮ ಬೇಕರಿಯಲ್ಲೂ ಅದನ್ನೇ ಹಾಕುತ್ತೇವೆ, ಸುಮ್ನೆ ಅಮೋನಿಯಾ ಅಂತೀವಿ. ಒಲೆ ಬಾಗಿಲು ತೆಗೆದಾಗ ಕಣ್ಣಿಗೆ ಘಾಟು ಹೊಡೆಯುತ್ತದೆ, ಬಿಸ್ಕತ್ತಲ್ಲಿ ಮಾತ್ರ ಒಂದು ಚೂರೂ ಉಳಿಯಲ್ಲ.

ಸ್ಟ್ರಾಂಗ್ ಕಾಫಿ · ಡಿ. 15, ಮಧ್ಯಾಹ್ನ 1:30

ಇನ್ನೊಂದು ಕಾಳಜಿ. ನನ್ನ ತಂದೆಗೆ ಸಕ್ಕರೆ ಕಾಯಿಲೆ. ರಜೆಗೆ ಅಂತ ಡಬ್ಬಿ ಮನೆಯಲ್ಲಿದ್ದರೆ ಕೈ ಹೋಗುತ್ತಲೇ ಇರುತ್ತದೆ. ಬೆಣ್ಣೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಿದ್ದೀರಿ, ಆರೋಗ್ಯದ ಮಾತನ್ನೂ ಯಾರಾದರೂ ಆಡಿ.

ಅಡುಗೆಮನೆ ಪ್ರಯೋಗ · ಡಿ. 15, ಮಧ್ಯಾಹ್ನ 2:18

ಸರಿಯಾಗಿ ಕೇಳಿದಿರಿ. ಬೆಣ್ಣೆ ಹಾಕಿದ ತಕ್ಷಣ ಅದು ಆರೋಗ್ಯದ ತಿಂಡಿ ಆಗಲ್ಲ. ನೂರು ಗ್ರಾಮಿಗೆ ಸುಮಾರು 500 ಕ್ಯಾಲೊರಿ. ನಾಲ್ಕೈದು ಬಿಸ್ಕತ್ತಿಗೆ 150 ಆಗಿಬಿಡುತ್ತದೆ. ಮೈದಾ, ಸಕ್ಕರೆ ಎರಡೂ ತುಂಬಾ ಇರುತ್ತವೆ, ತಂದೆಯವರಿಗೆ ವೈದ್ಯರನ್ನು ಕೇಳಿಯೇ ಕೊಡಿ. ಹಳೇ ವನಸ್ಪತಿಯ ದೊಡ್ಡ ಭಯ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು. ಅದಕ್ಕೆ ನಮ್ಮಲ್ಲಿ 2022ರ ಜನವರಿಯಿಂದ ಶೇ. 2ರ ಮಿತಿ ಬಂದಿದೆ. ಅಷ್ಟರ ಮಟ್ಟಿಗೆ ಸಮಾಧಾನ.

ನಮ್ಮ ಮನೆಯಲ್ಲಿ ಡಬ್ಬಿಯನ್ನು ಮೇಜಿನ ಮೇಲೆ ಇಡಲ್ಲ. ಸಂಜೆ ತಟ್ಟೆಗೆ ತಲೆಗೆ ಎರಡರಂತೆ ಹಾಕಿ, ಮುಚ್ಚಳ ಮುಚ್ಚಿ ಒಳಗಿಟ್ಟು, ಆಮೇಲೆ ಕಾಫಿ ಕೊಡುವುದು.

ಮಲ್ಲಿಗೆಮೊಗ್ಗು · ಡಿ. 20, ರಾತ್ರಿ 8:55

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ.

ಮೂರು ಅಂಗಡಿ ತಿರುಗಿದೆ. ಶೆಲ್ಫಿನ ಮುಂದೆ ನಿಂತು ಒಂದೊಂದೇ ಡಬ್ಬಿ ತಿರುಗಿಸಿ ಓದಿದೆ. ನೋಡಲು ಎಲ್ಲ ಅಕ್ಕತಂಗಿಯರ ಹಾಗಿವೆ. ಒಂದರಲ್ಲಿ ಬೆಣ್ಣೆ 4%, ಇನ್ನೊಂದರಲ್ಲಿ ಬೆಣ್ಣೆಯೇ ಇಲ್ಲ, ಬರೀ ಪರಿಮಳ. ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಡೆನ್ಮಾರ್ಕ್‌ನಲ್ಲಿ ತಯಾರಾದದ್ದು, ಬೆಣ್ಣೆ 26%, ಎಣ್ಣೆ ಇಲ್ಲ, ಹಸಿರು ಗುರುತಿನ ಚೀಟಿ ಇದೆ. 454 ಗ್ರಾಂ. ಮೊದಲಿನದರ ಮೂರು ಪಟ್ಟು ಬೆಲೆ. ಒಂದು ಕ್ಷಣ ಯೋಚನೆ ಮಾಡಿದೆ. ಆಮೇಲೆ ಈ ವರ್ಷ ಕೇಕ್ ತರುತ್ತಿಲ್ಲ, ಆ ದುಡ್ಡು ಇದಕ್ಕೆ ಅಂತ ತಗೊಂಡೆ.

ಇವತ್ತು ಸಂಜೆ ತೆಗೆದೆವು. ಡಬ್ಬಿಯಲ್ಲಿ ಐದು ಬಗೆ, ಬಿಳಿ ಕಾಗದದ ಬಟ್ಟಲುಗಳಲ್ಲಿ ಜೋಡಿಸಿದ್ದಾರೆ. ಚಿಕ್ಕವಳು ಗಂಟು ಹಾಕಿದ ಹಾಗಿರುವ ಪ್ರೆಟ್ಜೆಲ್ ತನ್ನದು ಅಂದಳು, ಮೇಲೆ ದಪ್ಪ ಸಕ್ಕರೆ ಇದೆ. ದೊಡ್ಡವನಿಗೆ ಕೊಬ್ಬರಿಯದ್ದು. ನಮ್ಮವರು ಉದ್ದನೆಯ ಚೌಕದ್ದನ್ನು ಕಾಫಿಗೆ ಅದ್ದಿದರು. ಎರಡು ಸೆಕೆಂಡಿಗೆ ಮುರಿದು ಲೋಟದ ತಳಕ್ಕೆ ಹೋಯಿತು. ಇದನ್ನು ಅದ್ದಬೇಡಿ, ಪಕ್ಕದಲ್ಲಿಟ್ಟುಕೊಂಡು ಕಚ್ಚಿ.

ಅತ್ತೆಗೆ ಉಂಗುರ ಕೊಟ್ಟೆ. ಕಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಿಸ್ಕತ್ತನ್ನು ಮೂಗಿನ ಹತ್ತಿರ ಹಿಡಿದು ಅಂಚನ್ನು ಮೂಸಿ ನೋಡಿದರು. ಅಂಚು ಸ್ವಲ್ಪ ಕೆಂಪಗೆ ಬೆಂದಿರುತ್ತದಲ್ಲ, ಅದು. "ಇದು ತುಪ್ಪದ ಗಸಿ ವಾಸನೆ" ಅಂದರು.

ಅವರ ತವರು ಚನ್ನರಾಯಪಟ್ಟಣದ ಹತ್ತಿರ. ನಾಲ್ಕು ಹಸು ಇದ್ದವಂತೆ. ಅವರಮ್ಮ ಬೆಣ್ಣೆ ಕಾಯಿಸಿ ತುಪ್ಪ ಸೋಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಕಂದು ಗಸಿಗೆ ಸಕ್ಕರೆ ಉದುರಿಸಿ, ಕೆರೆದು, ಐದು ಮಕ್ಕಳ ಅಂಗೈಗೂ ಒಂದೊಂದು ಚಿಟಿಕೆ ಹಾಕುತ್ತಿದ್ದರಂತೆ. ಮಕ್ಕಳು ಬಾಯಿ ತೆರೆದು ಕೂತರು. ನಮ್ಮ ಮಕ್ಕಳಿಗೆ ಗಸಿ ಅಂದರೇನೇ ಗೊತ್ತಿಲ್ಲ, ನಾನು ಪೊಟ್ಟಣದ ತುಪ್ಪ ತರುವವಳು. ಹದಿಮೂರು ವರ್ಷದಿಂದ ಈ ಮನೆಯಲ್ಲಿದ್ದೇನೆ, ಈ ಕತೆ ನಾನೂ ಮೊದಲ ಸಲ ಕೇಳಿದ್ದು.

ಅಡುಗೆಮನೆ ಪ್ರಯೋಗ · ಡಿ. 20, ರಾತ್ರಿ 9:30

ಮೇಡಂ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅದು ಅಕ್ಷರಶಃ ಗಸಿಯೇ. ಬೆಣ್ಣೆಯಲ್ಲಿ ಸುಮಾರು 80% ಕೊಬ್ಬು, 16% ನೀರು, ಉಳಿದ ಸ್ವಲ್ಪ ಭಾಗ ಹಾಲಿನ ಅಂಶ. ತುಪ್ಪ ಕಾಯಿಸುವಾಗ ನೀರು ಹಾರಿ ಆ ಹಾಲಿನ ಅಂಶ ಕೆಂಪಾಗಿ ಗಸಿ ಆಗುತ್ತದೆ. ಬಿಸ್ಕತ್ತು ಬೇಯುವಾಗ ಅದರ ಅಂಚಿನಲ್ಲಿ ಆಗುವುದೂ ಅದೇ. ತಾಳೆ ಎಣ್ಣೆಯಲ್ಲಿ ಹಾಲಿನ ಅಂಶವೇ ಇಲ್ಲ, ಅದಕ್ಕೇ ಪರಿಮಳವನ್ನು ಹೊರಗಿಂದ ಹಾಕಬೇಕಾಗುತ್ತದೆ.

ಬಡಗಣ ಗಾಳಿ · ಡಿ. 20, ರಾತ್ರಿ 11:15

ನನಗೂ ಕಣ್ಣು ಒದ್ದೆಯಾಯಿತು. ಇನ್ನೊಂದು ಮಾತು ಅತ್ತೆಯವರಿಗೆ ಹೇಳಿ. ಇಲ್ಲಿ ಹಳೇ ಪದ್ಧತಿಯ ಬೆಣ್ಣೆ ಹಸಿ ಕೆನೆಯಿಂದ ತೆಗೆದದ್ದಲ್ಲ. ಕೆನೆಗೆ ಹೆಪ್ಪು ಹಾಕಿ ಹುಳಿ ಬರಿಸಿ ಆಮೇಲೆ ಕಡೆಯುತ್ತಾರೆ. ಮೊಸರು ಕಡೆದು ಬೆಣ್ಣೆ ತೆಗೆಯುವ ನಮ್ಮ ಮನೆಗಳ ಬೆಣ್ಣೆಗೂ ಅದಕ್ಕೂ ತುಂಬಾ ಹತ್ತಿರ. ನಾನು ಮೊದಲ ಸಲ ಇಲ್ಲಿನ ಬೆಣ್ಣೆ ಕಾಯಿಸಿ ತುಪ್ಪ ಮಾಡಿದಾಗ ಅಜ್ಜಿಯ ಅಡುಗೆಮನೆಯ ವಾಸನೆ ಬಂದಿತ್ತು.

ಕುಡ್ಲದವಳು · ಡಿ. 21, ಬೆಳಿಗ್ಗೆ 6:40

ಅಕ್ಕಾ, ಡಬ್ಬಿ ತೆಗೆದ ಮೇಲೆ ಜೋಪಾನ. ನಮ್ಮ ಕರಾವಳಿಯಲ್ಲಿ ಒಂದು ದಿನ ಮುಚ್ಚಳ ಸಡಿಲ ಇದ್ದರೆ ಮರುದಿನ ಮೆತ್ತಗೆ. ಬೆಂಗಳೂರಲ್ಲಿ ಅಷ್ಟಿಲ್ಲ, ಆದರೂ ಗಟ್ಟಿಯಾಗಿ ಮುಚ್ಚಿ. ಫ್ರಿಜ್‌ನಲ್ಲಿ ಇಡಬೇಡಿ, ಬೇರೆ ವಾಸನೆ ಎಳೆದುಕೊಳ್ಳುತ್ತದೆ. ಮೆತ್ತಗಾದರೆ ಓವನ್‌ನಲ್ಲಿ 150 ಡಿಗ್ರಿಗೆ ಐದು ನಿಮಿಷ ಇಟ್ಟು ಪೂರ್ತಿ ಆರಲು ಬಿಡಿ, ಗರಿಗರಿ ಬರುತ್ತದೆ. ಕೊಬ್ಬರಿಯದ್ದನ್ನು ಮೊದಲು ಮುಗಿಸಿ.

ಸ್ಟ್ರಾಂಗ್ ಕಾಫಿ · ಡಿ. 21, ಬೆಳಿಗ್ಗೆ 9:00

ನಾನು ನಿನ್ನೆ ನಮ್ಮ ಬೀದಿಯ ಬೇಕರಿಗೆ ಹೋಗಿ ಬೇಕರಿ ಮಗ ಹೇಳಿದ ಹಾಗೇ ಕೇಳಿದೆ. ಬೆಣ್ಣೆ ನಾನೇ ಕೊಡುತ್ತೇನೆ, ಮಾಡಿಕೊಡಿ ಅಂತ. ಅಂಗಡಿಯ ಯಜಮಾನರು ಕೌಂಟರ್ ಬಿಟ್ಟು ಹೊರಗೆ ಬಂದು ಕೈ ಹಿಡಿದುಕೊಂಡರು. ಹತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲವಂತೆ. ಎರಡು ಕೆಜಿಗೆ ಒಪ್ಪಿದ್ದಾರೆ, 24ಕ್ಕೆ ಸಿಗುತ್ತದೆ. ಉಪ್ಪಿಲ್ಲದ ಬೆಣ್ಣೆ ತರಲು ಹೇಳಿದ್ದಾರೆ. ಎಷ್ಟು ಬೇಕಾಗುತ್ತದೆ ಬೇಕರಿ ಮಗ?

ಬೇಕರಿ ಮಗ · ಡಿ. 21, ಬೆಳಿಗ್ಗೆ 9:35

ಎರಡು ಕೆಜಿ ಬಿಸ್ಕತ್ತಿಗೆ ಮುಕ್ಕಾಲು ಕೆಜಿ ಬೆಣ್ಣೆ ಒಯ್ಯಿರಿ ಸರ್. ಹಿಂದಿನ ರಾತ್ರಿಯೇ ಕೊಟ್ಟುಬಿಡಿ, ಬೆಳಿಗ್ಗೆ ಅವರ ಕೈಗೆ ಮೆತ್ತಗೆ ಸಿಗಬೇಕು. ಸಕ್ಕರೆ ಕಡಿಮೆ ಹಾಕಲು ಹೇಳಬಹುದು, ಆದರೆ ತೀರಾ ಕಮ್ಮಿ ಮಾಡಿದರೆ ಆ ಹುಡಿತನ ಬರಲ್ಲ.

ಮಲ್ಲಿಗೆಮೊಗ್ಗು · ಡಿ. 23, ಸಂಜೆ 7:10

ಡಬ್ಬಿಯಲ್ಲಿ ಇನ್ನು ಹನ್ನೊಂದು ಉಳಿದಿವೆ. ಅತ್ತೆ ಅದರಲ್ಲಿ ನಾಲ್ಕು ಉಂಗುರಗಳನ್ನು ಕಾಗದದ ಬಟ್ಟಲಿನ ಸಮೇತ ಬೇರೆ ಸ್ಟೀಲ್ ಡಬ್ಬಿಗೆ ಹಾಕಿ ಎತ್ತಿಟ್ಟಿದ್ದಾರೆ. ಅವರ ತಂಗಿ 28ಕ್ಕೆ ಬರುತ್ತಾರೆ. ಅವರಿಗೂ ಗಸಿ ನೆನಪಿದೆಯಾ ಅಂತ ಕೇಳಬೇಕಂತೆ.

ನಾಳೆ ಅರ್ಧ ಕೆಜಿ ಬೆಣ್ಣೆ ತಂದು ಮನೆಯಲ್ಲೇ ತುಪ್ಪ ಕಾಯಿಸುತ್ತೇನೆ. ಸೋಸಿದ ಮೇಲೆ ಪಾತ್ರೆ ತೊಳೆಯಬೇಡ ಅಂತ ಮಕ್ಕಳು ಈಗಲೇ ಹೇಳಿಟ್ಟಿದ್ದಾರೆ.